ಟವಲಿನ ಕೆಳಗಿನ ವಿದೇಶಾಂಗ ನೀತಿ

ಮಾಗಡಿಯಿಂದ ವಿಧಾನಸಭೆಗೆ ನಿಂತು, ಊರೂರು ಸುತ್ತಿ ಚೀನಾ ದೇಶದ ಮೇಲೆ ಭಾಷಣ ಮಾಡಿ ಸೋತವರು ನನಗೆ ತಿಳಿದಂತೆ ಒಬ್ಬರೇ ಒಬ್ಬರು. ಅವರು ಹೋದ ತಿಂಗಳು ತೀರಿಕೊಂಡರು. ಬೆಳಗ್ಗೆ ನಾನು ಮಾಗಡಿಯ ನನ್ನ ಅಚ್ಚಿನ ಪ್ರೆಸ್ಸಿನ ಬಾಗಿಲು ತೆಗೆಯುತ್ತಿದ್ದಾಗ ಎದುರು ಹೋಟೆಲಿನವನು ಲೋಟ ತೊಳೆಯುತ್ತಲೇ ಹೇಳಿದ: "ನಿಮ್ ಫಾರಿನ್ ಮಿನಿಸ್ಟ್ರು ಹೋಗ್ಬುಟ್ರಂತೆ ಕಣಣ್ಣ. ಕುದೂರು ಬಸ್ಸಿನೋರು ಹೇಳ್ತಿದ್ರು." ಸಾವಿನ ಸುದ್ದಿಯಲ್ಲೂ ಆ ಅಡ್ಡಹೆಸರು ಅವರನ್ನು ಬಿಡಲಿಲ್ಲವಲ್ಲ ಅಂತ ನನಗೆ ಮೊದಲು ನಗು ಬಂತು. ಆಮೇಲೆ ಬೀಗವನ್ನು ಕೈಯಲ್ಲೇ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟೆ.

ಕುದೂರಿನಿಂದ ಒಳಕ್ಕೆ ಒಂದು ಹಳ್ಳಿಯಲ್ಲಿ ಅವರಿಗೆ ಹಿಪ್ಪುನೇರಳೆ ತೋಟವಿತ್ತು. ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದಿ ಬಿ.ಎ. ಪಾಸು ಮಾಡಿ, ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದರು ಅಂತ ಊರಿಗೆ ಬಂದವರು ಮತ್ತೆ ಹೋಗಲಿಲ್ಲ. ಎತ್ತರದ ಆಳು. ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಿತ್ತು. ಹೆಗಲ ಮೇಲೆ ಸದಾ ಒಂದು ಕೆಂಪು ಚೌಕುಳಿ ಟವಲು. ಮಾತಾಡುವಾಗ ಬೆರಳು ಸುಮ್ಮನಿರುತ್ತಿರಲಿಲ್ಲ, ಎಲ್ಲಿ ಕೂತರೂ ಅಲ್ಲೊಂದು ಭೂಪಟ ಬರೆಯುತ್ತಿದ್ದರು. ಹೋಟೆಲಿನ ಮೇಜಿನ ಮೇಲೆ ಚೆಲ್ಲಿದ ಕಾಫಿ ಸಿಂಧೂ ನದಿಯಾಗುತ್ತಿತ್ತು, ಸಕ್ಕರೆ ಹಿಮಾಲಯವಾಗುತ್ತಿತ್ತು. ಒಂದು ಸಲ ಅವರು ಶ್ರೀಲಂಕಾ ಮಾಡಿ ಇಟ್ಟಿದ್ದ ವಡೆಯನ್ನು ನಾನು ಎತ್ತಿ ತಿಂದುಬಿಟ್ಟೆ. "ಮಾತು ಮುಗಿಯೋಗಂಟ ತಡೀಬಾರದಾ ನೀನು" ಅಂತ ನಿಜವಾಗಿಯೂ ಬೇಜಾರು ಮಾಡಿಕೊಂಡರು.

ಅವರ ಮನೆಗೆ ನಾನು ಮೊದಲ ಸಲ ಹೋದದ್ದು ಯಾವುದೋ ಲಗ್ನಪತ್ರಿಕೆಯ ಪ್ರೂಫು ತೋರಿಸಲು. ಮನೆಯ ತುಂಬ ರೇಷ್ಮೆ ಹುಳು. ನಡುಮನೆಯಿಂದ ಅಟ್ಟದವರೆಗೆ ತಟ್ಟೆಗಳನ್ನು ಜೋಡಿಸಿ, ಮನೆಯವರು ಮಲಗಲು ಮಾತ್ರ ಜಗಲಿ ಉಳಿಸಿಕೊಂಡಿದ್ದರು. ಹುಳು ನೋಡಿಕೊಳ್ಳುತ್ತಿದ್ದದ್ದು ಅವರ ಹೆಂಡತಿ. ಯಜಮಾನರನ್ನು ನಾನು ಅಣ್ಣ, ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಪ್ರೆಸ್ಸಣ್ಣ ಅನ್ನುತ್ತಿದ್ದರು. ಯಜಮಾನರು ಸೊಪ್ಪು ಕತ್ತರಿಸುತ್ತ ಕೂತಿದ್ದರು, ಪಕ್ಕದಲ್ಲಿ ರೇಡಿಯೋ ಯಾವುದೋ ದೇಶದ ಸುದ್ದಿ ಒದರುತ್ತಿತ್ತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಅಲುಗಾಡದೆ ನಿಲ್ಲುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಕ್ಕ ಒಳಗಿಂದಲೇ ಹೇಳಿದರು: "ಹುಳ ಜ್ವರಕ್ಕೆ ಕೂತವೆ. ನಿಮ್ ಅಮೆರಿಕದೋನಿಗೆ ಒಸಿ ಮೆಲ್ಲಗೆ ಮಾತಾಡಕ್ಕೆ ಹೇಳಿ." ಅವರು ಕೂಡಲೇ ಸಣ್ಣ ಮಾಡಿದರು. ಆ ಮನೆಯಲ್ಲಿ ಪ್ರಪಂಚದ ದೊಡ್ಡ ದೇಶಗಳೆಲ್ಲ ಹುಳಕ್ಕೆ ಹೆದರಿ ಪಿಸುಗುಟ್ಟುತ್ತಿದ್ದವು.

ಆ ಕಾಲವನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ರೇಷ್ಮೆಯೆಂದರೆ ಬಂಗಾರ. ಹೆಂಚಿನ ಮನೆಗಳೆಲ್ಲ ತಾರಸಿಯಾದವು, ಸೈಕಲ್ ತುಳಿಯುತ್ತಿದ್ದವರು ಮೋಟಾರ್ ಬೈಕಿನಲ್ಲಿ ಗೂಡಿನ ಮೂಟೆ ಕಟ್ಟಿಕೊಂಡು ರಾಮನಗರಕ್ಕೆ ಹೋಗುತ್ತಿದ್ದರು. ಹುಳು ಮೇಯಿಸದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರು. ಕಾಲಿನಲ್ಲಿ ತುಳಿದು ನಡೆಸುವ ನನ್ನ ಪ್ರೆಸ್ಸಿಗೂ ಪುರುಸೊತ್ತಿರಲಿಲ್ಲ, ಗೃಹಪ್ರವೇಶದ ಪತ್ರಿಕೆಗಳೇ ಗೃಹಪ್ರವೇಶದ ಪತ್ರಿಕೆಗಳು. ಅಂಥ ಸುಗ್ಗಿಯ ನಡುವೆ ಚೀನಾದ ನೂಲು ಬಂತು. ನೇಯುವವರು ಅದನ್ನು ಕೊಳ್ಳತೊಡಗಿದರು. ಗೂಡು ಬಿಚ್ಚಿ ನೂಲು ತೆಗೆಯುವ ರಾಮನಗರದ ರೀಲರುಗಳ ನೂಲು ಮನೆಯಲ್ಲೇ ಉಳಿಯಿತು, ಅವರು ಗೂಡಿನ ರೇಟು ಇಳಿಸಿದರು. ರೇಟು ಇಳಿದ ದಿನ ನಮ್ಮ ರೈತರಿಗೆ ಚೀನಾ ಅನ್ನುವ ದೇಶ ಇದೆ ಅಂತ ಮೊದಲ ಸಲ ಮೈಗೆ ತಾಕಿತು.

ಚುನಾವಣೆ ಹತ್ತಿರ ಬಂದಿತ್ತು. ಹೋಬಳಿಯ ಬೆಳೆಗಾರರೆಲ್ಲ ಸೇರಿ ಇವರನ್ನು ಪಕ್ಷೇತರರಾಗಿ ನಿಲ್ಲಿಸಿದರು. ಓದಿದವರು, ಮಾತಾಡಬಲ್ಲವರು, ಎಲ್ಲಕ್ಕಿಂತ ಹೆಚ್ಚಾಗಿ ಚೀನಾ ಎಲ್ಲಿದೆ ಅಂತ ಗೊತ್ತಿದ್ದವರು. "ಗೆದ್ರೆ ಚೀನಾ ರೇಷ್ಮೆ ನಿಲ್ಲಿಸ್ತೀನಿ" ಅಂತ ಒಂದು ಮಾತು ಅಂದರೆ ಸಾಕು, ಓಟು ತಾನಾಗಿ ಬೀಳುತ್ತದೆ ಅನ್ನುವುದು ಎಲ್ಲರ ಲೆಕ್ಕ. ಅವರಿಗೆ ಸಿಕ್ಕ ಗುರುತು ಛತ್ರಿ. ಹ್ಯಾಂಡ್‌ಬಿಲ್ಲು ಮಾಡಲು ನನ್ನ ಹತ್ತಿರ ಬಂದರು.

ಅವರು ಬರೆದುಕೊಂಡು ಬಂದದ್ದನ್ನು ಓದಿ ನಾನು ತಲೆ ಕೆರೆದುಕೊಂಡೆ. ಅಲಿಪ್ತ ನೀತಿ, ನೆರೆಹೊರೆ, ಅಂತರರಾಷ್ಟ್ರೀಯ ವ್ಯಾಪಾರ. ರಾಷ್ಟ್ರ ಅಂತ ಅಷ್ಟು ಸಲ ಬಂದರೆ ನನ್ನ ಪೆಟ್ಟಿಗೆಯಲ್ಲಿ ಅಷ್ಟು ಅಚ್ಚಿನ ಮೊಳೆ ಎಲ್ಲಿಂದ ಬರಬೇಕು? "ಅಣ್ಣ, ಇದರಲ್ಲಿ ಬೋರ್‌ವೆಲ್ ಇಲ್ಲ, ರೋಡಿಲ್ಲ, ಕರೆಂಟಿಲ್ಲ" ಅಂದೆ.

"ಅದನ್ನ ಬಾಕಿಯೋರು ಹಾಕವ್ರಲ್ಲ."

"ಚೀನಾ ರೇಷ್ಮೆ ನಿಲ್ಲಿಸ್ತೀನಿ ಅಂತನೂ ಇಲ್ಲ."

"ನಿಲ್ಲಿಸಕ್ಕೆ ನಾನ್ಯಾವನು? ನಿಲ್ಲಿಸಿದ್ರೂ ಕಳ್ಳದಾರೀಲಿ ಬತ್ತದೆ. ಮಗ್ಗದೋರ ಹೊಟ್ಟೆನೂ ನೋಡ್ಬೇಕು. ಬರೋದಕ್ಕೆ ಒಂದು ಲೆಕ್ಕ ಇರ್ಲಿ, ನಮ್ ಗೂಡು ಮಾರುಕಟ್ಟೆಗೆ ಬರೋ ತಿಂಗಳಲ್ಲಿ ಬರ್ದಂಗೆ ಇರ್ಲಿ, ಅದನ್ನ ಕೂತು ಮಾತಾಡೋಣ ಅಂತ ಡೆಲ್ಲಿಯೋರಿಗೆ ಹೇಳ್ಬೋದು. ಅಷ್ಟೇಯ ನನ್ ಕೈಲಾಗೋದು. ಕೈಲಾಗ್ದೇ ಇರೋದನ್ನ ಅಚ್ಚಾಕ್ಸಿದ್ರೆ ನಿನ್ ಇಂಕಿಗೆ ಮರ್ವಾದೆ ಇರ್ತದಾ?"

ನನ್ನ ಇಂಕಿಗೆ ಎಂದೂ ಅಂಥ ಮರ್ಯಾದೆ ಇರಲಿಲ್ಲ. ಆದರೂ ಅವರು ಹೇಳಿದ್ದನ್ನೇ ಅಚ್ಚು ಹಾಕಿದೆ.

ಪ್ರಚಾರಕ್ಕೆ ಹೊರಟರೆ ನಾನೂ ಜೀಪು ಹತ್ತುತ್ತಿದ್ದೆ. ನಿಜ ಹೇಳಬೇಕೆಂದರೆ ತಮಾಷೆ ನೋಡಲೆಂದೇ ಹೋಗುತ್ತಿದ್ದೆ. ಅವರ ವಿದೇಶಾಂಗ ನೀತಿ ಹಳ್ಳಿಯ ಅರಳಿಕಟ್ಟೆಯ ಮುಂದೆ ಬೇರೆಯೇ ರೂಪ ತಾಳುತ್ತಿತ್ತು. "ನೆರೆ ದೇಶ ಅಂದ್ರೆ ಪಕ್ಕದ ಹೊಲ. ಹೊಲದೋನ ಜೊತೆ ಜಗಳ ಆಡ್ಬೋದು, ಅವ್ನ ಹೊಲನ ಎತ್ಕೊಂಡೋಗಿ ಆಚೆ ಊರಲ್ಲಿ ಇಡಕ್ಕಾಗಲ್ಲ. ನಾಳಿಕ್ಕೂ ಅವ್ನೇ ಬದಿನ ಮೇಲೆ ನಿಂತಿರ್ತಾನೆ." ದೊಡ್ಡ ದೇಶಗಳಿಂದ ತರುವ ನೆರವಿನ ಬಗ್ಗೆ: "ಎರವಲು ಎತ್ತು ತಂದ್ರೆ ಉಳುಮೆ ಆಯ್ತದೆ ನಿಜ. ಅವ್ನು ಕೇಳಿದ್ ದಿನ ವಾಪಸ್ ಬಿಡ್ಬೇಕು, ಅವತ್ತೇ ಮಳೆ ಬಂದಿರ್ತದೆ." ರಾಯಭಾರಿ ಅಂದರೆ ಬೀಗರ ಮನೆಗೆ ಹೋದ ಹೆಣ್ಣಿನ ಅಪ್ಪ ಇದ್ದಂತೆ, ಉಪ್ಪು ಕಮ್ಮಿ ಇದ್ದರೂ ಚೆನ್ನಾಗಿದೆ ಅಂತ ಉಣ್ಣಬೇಕು, ಉಣ್ಣುತ್ತಲೇ ಮಗಳ ಮುಖ ನೋಡಿಕೊಳ್ಳಬೇಕು ಅನ್ನುತ್ತಿದ್ದರು. ಹೆಂಗಸರು ನಗುತ್ತಿದ್ದರು. ಗಂಡಸರಲ್ಲಿ ಯಾರಾದರೂ ಒಬ್ಬ ಎದ್ದು ನಿಲ್ಲುತ್ತಿದ್ದ.

"ಅಣ್ಣೋ, ಎಂಎಲ್ಲೆಗೂ ಫಾರಿನ್ನಿಗೂ ಏನಣ್ಣ ಸಂಬಂಧ? ಅದೆಲ್ಲ ಡೆಲ್ಲೀದಲ್ವಾ?"

"ನಿನ್ ಗೂಡಿನ ರೇಟು ಎಲ್ಲೀದು?"

"ರಾಮನಗರದ್ದು."

"ರಾಮನಗರದೋರು ಯಾರ್ ಮುಖ ನೋಡ್ಕೊಂಡು ರೇಟು ಕೂಗ್ತಾರೆ? ಚೀನಾದೋನ ಮುಖ. ಅವ್ನು ನಿನ್ ಜಗಲಿಗೆ ಬಂದು ಕೂತವ್ನೆ ಕಣಪ್ಪ. ನೀನಿನ್ನೂ ಡೆಲ್ಲಿ ಅಂತಿದ್ದೀಯ."

ಮಾಗಡಿಯ ಮಗ್ಗದವರ ಬೀದಿಯಲ್ಲೂ ಇದೇ ಭಾಷಣ. ಅಲ್ಲಿ ಚೀನಾ ನೂಲು ಬೇಕು ಅನ್ನುವವರು, ಹಳ್ಳಿಯಲ್ಲಿ ಬೇಡ ಅನ್ನುವವರು. ಇಬ್ಬರಿಗೂ ಒಂದೇ ಮಾತು ಹೇಳಿ ಇಬ್ಬರಿಂದಲೂ ಬೈಸಿಕೊಂಡ ಅಭ್ಯರ್ಥಿಯನ್ನು ನಾನು ಮತ್ತೆ ನೋಡಿಲ್ಲ. "ಒಂದ್ ಕಡೆ ಹಂಗೆ, ಒಂದ್ ಕಡೆ ಹಿಂಗೆ ಹೇಳಿದ್ರೆ ಏನಣ್ಣ ಗಂಟು ಹೋಯ್ತದೆ?" ಅಂತ ಕೇಳಿದ್ದಕ್ಕೆ, "ದೇಶಗಳು ಕೆಡೋದೇ ಹಂಗೆ ಕಣ್ಲಾ" ಅಂದರು. ಆದರೂ ಒಂದೊಂದು ಊರು ಅವರ ಕಡೆ ವಾಲುತ್ತಿತ್ತು. ಕೊನೆಯ ವಾರಕ್ಕೆ ಬರುವಷ್ಟರಲ್ಲಿ ಗೆಲ್ಲಬಹುದು ಅಂತ ಎದುರಾಳಿಗಳೂ ಮಾತಾಡಿಕೊಳ್ಳುತ್ತಿದ್ದರು. ನನಗೂ ತಮಾಷೆ ಹೋಗಿ ಆಸೆ ಹುಟ್ಟಿತ್ತು.

ಇಲ್ಲಿ ಟವಲಿನ ವಿಷಯ ಹೇಳಬೇಕು. ಅವರ ಅಪ್ಪ ದನದ ಸಂತೆಯ ದಲ್ಲಾಳಿ. ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಕೊಳ್ಳುವವನು ಮಾರುವವನು ಇಬ್ಬರೂ ಕೈ ಹಿಡಿದುಕೊಳ್ಳುತ್ತಾರೆ, ಕೈಯ ಮೇಲೆ ಟವಲು ಹಾಕುತ್ತಾರೆ, ಬೆರಳು ಅದುಮಿ ಬೆಲೆ ಹೇಳುತ್ತಾರೆ. ಯಾರು ಎಷ್ಟು ಕೇಳಿದರು, ಯಾರು ಮೊದಲು ಇಳಿದರು, ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಕುದುರಿದರೆ ಸರಿ, ಕುದುರದಿದ್ದರೆ ಟವಲು ಹೆಗಲಿಗೆ. ಯಾರ ಮಾನವೂ ಹೋಗುವುದಿಲ್ಲ. ಆ ವಿದ್ಯೆ ಇವರಿಗೂ ಬಂದಿತ್ತು. ದೇಶ ದೇಶಗಳ ಜಗಳವೂ ಹೀಗೇ ಬಗೆಹರಿಯಬೇಕು ಅನ್ನುವುದು ಅವರ ಸಿದ್ಧಾಂತ. "ಮೈಕ್ ಮುಂದೆ ಯಾವ ದೇಶದೋನೂ ಬಗ್ಗಲ್ಲ. ಬಗ್ಗಿದ್ರೆ ಊರಿಗೆ ಹೋಗಕ್ಕಾಗಲ್ಲ. ಟವಲ್ ಕೆಳಗಾದ್ರೆ ಬಗ್ತಾನೆ." ಅದಕ್ಕೊಂದು ಕಟ್ಟಳೆಯೂ ಇತ್ತು, ಅಪ್ಪ ಹೇಳಿಕೊಟ್ಟದ್ದು: ಕೈಯಲ್ಲಿ ಆಡಿದ ಮಾತು ಬಾಯಲ್ಲಿ ಬರಬಾರದು.

ಮತದಾನಕ್ಕೆ ಇನ್ನು ಕೆಲವೇ ದಿನ ಇದೆ ಅನ್ನುವಾಗ ರಾಮನಗರದ ಗೂಡಿನ ಮಾರುಕಟ್ಟೆ ನಿಂತುಹೋಯಿತು. ರೇಟು ಪಾತಾಳಕ್ಕೆ ಇಳಿದಿತ್ತು. ರೈತರು ಈ ಬೆಲೆಗೆ ಕೊಡುವುದಿಲ್ಲ ಅಂದರು. ರೀಲರುಗಳು ಒಂದು ಪೈಸೆ ಏರಿಸುವುದಿಲ್ಲ ಅಂದರು. ಅವರ ಪರವಾಗಿ ಮಾತಾಡುತ್ತಿದ್ದವರು ವಯಸ್ಸಾದ ಹಾಜಿ ಸಾಹೇಬರು, ಊರಿಗೆಲ್ಲ ಬೇಕಾದ ಮನುಷ್ಯ. ಅವರು ಎಲ್ಲರ ಎದುರಿಗೇ, "ನಾನು ಮೊದಲು ಏರಿಸಿದ್ರೆ ನಾಳೆಯಿಂದ ಈ ಮಾರ್ಕೆಟ್ ಮೆಟ್ಟಿಲು ಹತ್ತಲ್ಲ" ಅಂತ ಆಣೆ ಮಾಡಿಬಿಟ್ಟಿದ್ದರು. ಹಾಗಾಗಿ ಯಾರೂ ಹಿಂದೆ ಸರಿಯುವಂತಿರಲಿಲ್ಲ.

ನಾವು ಹ್ಯಾಂಡ್‌ಬಿಲ್ಲು ಹಂಚಲು ಅಲ್ಲಿಗೆ ಹೋದೆವು, ತಾಲ್ಲೂಕಿನ ಅರ್ಧ ಬೆಳೆಗಾರರು ಅಲ್ಲೇ ಇದ್ದರಲ್ಲ. ಒಳಗೆ ಕಾಲಿಟ್ಟರೆ ಬಿಸಿ ಗಾಳಿ. ರಾಶಿ ಬಿದ್ದ ಗೂಡು ಕಾವು ಏರಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಒಂದು ಮೂಲೆಯ ರಾಶಿಯಲ್ಲಿ ಚಿಟ್ಟೆಗಳು ಗೂಡು ತೂತು ಮಾಡಿಕೊಂಡು ಹೊರಗೆ ಬರತೊಡಗಿದ್ದವು. ತೂತಾದ ಗೂಡು ಕಸಕ್ಕೆ ಸಮ, ಅದರಲ್ಲಿ ಎಳೆ ಬರುವುದಿಲ್ಲ. ಕನಕಪುರದ ಕಡೆಯ ಒಬ್ಬ ಹೆಂಗಸು ತನ್ನ ರಾಶಿಯ ಮುಂದೆ ಕೂತು ಹೊರಬಂದ ಚಿಟ್ಟೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದಳು. ಅಳುತ್ತಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕು ಅನ್ನುವ ಹಾಗೆ ಮಾಡುತ್ತಿದ್ದಳು. ಅಣ್ಣ ಅವಳನ್ನು ಸುಮಾರು ಹೊತ್ತು ನೋಡಿದರು. ಕೈಯಲ್ಲಿದ್ದ ಹ್ಯಾಂಡ್‌ಬಿಲ್ಲಿನ ಕಟ್ಟು ನನಗೆ ಕೊಟ್ಟರು.

ನೇರ ಹೋಗಿ ಹಾಜಿ ಸಾಹೇಬರ ಎದುರಿಗೆ ಗೋಣಿಚೀಲದ ಮೇಲೆ ಕೂತರು. "ಸಾಹೇಬ್ರೆ, ಕೈ ಕೊಡಿ" ಅಂದರು. ಸಾಹೇಬರು ಮುಖ ನೋಡಿದರು. ಅವರೂ ಹಳೆಯ ಕಾಲದವರು, ಅರ್ಥವಾಯಿತು. ಅಣ್ಣ ಟವಲು ತೆಗೆದು ಇಬ್ಬರ ಕೈಯ ಮೇಲೆ ಹರಡಿದರು. ಮಾರುಕಟ್ಟೆಯವರೆಲ್ಲ ಸುತ್ತ ನೆರೆದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಂಡದ್ದು ಟವಲಿನ ಚೌಕುಳಿ ಅಲುಗುವುದು, ಅಷ್ಟೇ. ಇಬ್ಬರ ಮುಖದಲ್ಲೂ ಏನೂ ಇಲ್ಲ. ಒಂದು ಸಲ ಮಾತ್ರ ಸಾಹೇಬರು ಕಣ್ಣು ಮುಚ್ಚಿ ತೆರೆದ ಹಾಗಾಯಿತು. ಒಂದು ಬೀಡಿ ಸೇದುವಷ್ಟು ಹೊತ್ತು. ಆಮೇಲೆ ಅಣ್ಣ ಟವಲು ಎಳೆದುಕೊಂಡು ಎದ್ದರು, ಇಬ್ಬರೂ ಒಟ್ಟಿಗೇ ಒಂದೇ ಬೆಲೆ ಕೂಗಿದರು. ಹರಾಜು ಇಲ್ಲಿಂದ ಶುರುವಾಗಲಿ ಅಂದರು. ರೈತರು ಕೇಳಿದ್ದಕ್ಕಿಂತ ಕಮ್ಮಿ, ರೀಲರುಗಳು ಹೇಳಿದ್ದಕ್ಕಿಂತ ಹೆಚ್ಚು. ಸಂಜೆಯೊಳಗೆ ಗೂಡೆಲ್ಲ ಖಾಲಿಯಾಯಿತು. ಕನಕಪುರದ ಹೆಂಗಸೂ ಮಾರಿ ಬಸ್ಸು ಹತ್ತಿದಳು.

ಇಂಥವರಿಗೆ ಓಟು ಮಳೆಯಂತೆ ಸುರಿಯಬೇಕಲ್ಲವೇ? ಹಾಗಾಗಲಿಲ್ಲ. ಅಣ್ಣ ಒಂದು ತಪ್ಪು ಮಾಡಿದ್ದರು, ಅದು ಅವರಿಗೆ ಹೊಳೆಯಲೇ ಇಲ್ಲ. ದನದ ಸಂತೆಯಲ್ಲಿ ಟವಲು ಅಂದರೆ ಮಾನ. ಗೂಡಿನ ವ್ಯಾಪಾರದಲ್ಲಿ ಟವಲು ಅಂದರೆ ಮೋಸ. ಸರ್ಕಾರದ ಮಾರುಕಟ್ಟೆ, ಬಹಿರಂಗ ಹರಾಜು ಬರುವ ಮುಂಚೆ ದಲ್ಲಾಳಿಗಳು ಇದೇ ಟವಲಿನ ಕೆಳಗೆ ಬೆಲೆ ಮಾಡಿ ಈ ರೈತರ ಅಪ್ಪಂದಿರನ್ನು ಬೋಳಿಸಿದ್ದರು. ಆ ನೆನಪು ಇನ್ನೂ ಹಸಿಯಾಗಿತ್ತು. ಅಣ್ಣನೇ ಎಷ್ಟೋ ಸಲ, ಗೂಡಿಗೆ ಹರಾಜೇ ಸರಿ, ಬೆಲೆ ಎಲ್ಲರ ಕಿವಿಗೂ ಬೀಳಬೇಕು ಅಂದವರು. ಅವತ್ತು ಎರಡು ದೇಶಗಳ ಜಗಳದಂತೆ ಅವರಿಗೆ ಕಂಡದ್ದು ಬೇರೆಯವರಿಗೆ ಬರೀ ಗೂಡಿನ ವ್ಯಾಪಾರವಾಗಿ ಕಂಡಿತು.

ಮಾರನೆಯ ದಿನಕ್ಕೆಲ್ಲ ಮಾತು ಹಬ್ಬಿತು. ಟವಲ್ ಕೆಳಗೆ ಬೆಲೆ ಒಂದೇ ಅಲ್ಲ, ಇನ್ನೂ ಏನೋ ಕೈಯಿಂದ ಕೈಗೆ ಹೋಯಿತು. ಕೇಳಿದ್ದಕ್ಕಿಂತ ಯಾಕೆ ಇಳಿದ? ಮಾರಿಕೊಂಡ. ಎದುರಾಳಿಗಳು ಏನೂ ಕಷ್ಟಪಡಬೇಕಾಗಲಿಲ್ಲ, ಜೀಪಿನಲ್ಲಿ ಹೋಗುತ್ತ ಮೈಕಿನಲ್ಲಿ "ಟವಲಣ್ಣ" ಅಂತ ಒಂದು ಸಲ ಕೂಗಿ ಮುಂದೆ ಹೋಗುತ್ತಿದ್ದರು. ಅವರನ್ನು ನಿಲ್ಲಿಸಿದ ಬೆಳೆಗಾರರೇ ಪ್ರೆಸ್ಸಿಗೆ ಬಂದು ಸುತ್ತ ಕೂತರು. ಅವರಲ್ಲಿ ಮುಂದಾಳು ಕಲ್ಯ ಅನ್ನುವ ಊರಿನವನು, ಅಕ್ಕನ ಸ್ವಂತ ಅಣ್ಣ.

"ಭಾವ, ಒಂದ್ ಮಾತು ಹೇಳಿ. ಮೊದ್ಲು ಬಗ್ಗಿದ್ದು ಯಾರು? ನೀವೋ, ಸಾಬ್ರೋ?"

ಅಣ್ಣ ಮೇಜಿನ ಮೇಲಿದ್ದ ಒಂದು ಅಚ್ಚಿನ ಮೊಳೆ ಎತ್ತಿ ತಿರುಗಿಸಿ ನೋಡಿದರು.

"ಸಾಬ್ರು ಬಗ್ಗಿದ್ರು ಅಂತ ಅನ್ನಿ ಸಾಕು. ನಾವು ಹೆಗಲ ಮೇಲೆ ಹೊತ್ಕೊಂಡ್ ಮೆರೀತೀವಿ. ಇಲ್ಲ, ನಾನೇ ಬಗ್ದೆ ಅನ್ನಿ, ಅದಕ್ಕೂ ಏನಾರ ಕಾರಣ ಹೇಳಿ."

"ಕೈಯಲ್ಲಾಡಿದ್ ಮಾತು ಅದು. ಬಾಯಲ್ಲಿ ಬರಲ್ಲ."

"ಓಟಿನ ವಿಷಯ ಭಾವ ಇದು. ಎತ್ತಿನ ವ್ಯಾಪಾರ ಅಲ್ಲ."

"ಎತ್ತಿನ ವಿಷಯಕ್ಕೇ ಹೇಳ್ದೇ ಇರೋನು ಇದಕ್ಕೆ ಹೇಳ್ತೀನಾ?"

ಭಾವಮೈದ ಎದ್ದ. ಹೊಸ್ತಿಲಲ್ಲಿ ನಿಂತು, "ಮಾರ್ಕೊಂಡೋರ ಮನೇಲಿ ನಾನು ನೀರು ಕುಡಿಯಲ್ಲ. ನನ್ ತಂಗಿಗೂ ಹೇಳ್ಬುಡಿ" ಅಂದು ಹೋದ. ಎಲ್ಲರೂ ಹೋದ ಮೇಲೆ ನಾನು ಅಂಗಲಾಚಿದೆ, ಬೈದೆ ಕೂಡ. ಹಾಜಿ ಸಾಹೇಬರ ಓಟು ನಮ್ಮ ಕ್ಷೇತ್ರದಲ್ಲೇ ಇಲ್ಲ, ಅವರಿಗಾಗಿ ನೀವ್ಯಾಕೆ ಸಾಯ್ತೀರಿ ಅಂದೆ. ಅವರು ಮೊಳೆ ಜೋಡಿಸುವ ಮೇಜಿನ ಮೇಲೆ ಬೆರಳಲ್ಲಿ ಏನೋ ಗೀಚುತ್ತ, "ನಮ್ ಕ್ಷೇತ್ರದೋನಲ್ಲ ಅಂತಲೇ ಕಣ್ಲಾ" ಅಂದರು.

ಸೋತರು. ಠೇವಣಿಯೂ ಉಳಿಯಲಿಲ್ಲ. ಎಣಿಕೆಯ ಮಾರನೆಯ ದಿನ ಪ್ರೆಸ್ಸಿಗೆ ಬಂದು ಉಳಿದ ಹ್ಯಾಂಡ್‌ಬಿಲ್ಲು ಕೇಳಿದರು. ಹುಳದ ತಟ್ಟೆಗೆ ಹಾಸಲು ಕಾಗದ ಬೇಕಿತ್ತಂತೆ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಒಂದು ಬೆಳೆಯ ಹುಳು ಮೇಯ್ದವು. ಇಂಕಿನ ವಾಸನೆಗೆ ಹುಳು ಸೊರಗಿದವು ಅಂತ ಅಕ್ಕ ನನಗೇ ಬೈದರು.

ಅದಾದ ಮೇಲೆ ಅವರು ಯಾವ ಚುನಾವಣೆಗೂ ನಿಲ್ಲಲಿಲ್ಲ. ಮಾಗಡಿಗೆ ಬಂದಾಗ ಕಾಫಿಯಲ್ಲಿ ನದಿಗಳು ಹರಿಯುತ್ತಲೇ ಇದ್ದವು. ಮಾತು ಎಲ್ಲಿ ಹೋದರೂ ಆ ದಿನದ ಹತ್ತಿರ ಬರುತ್ತಿರಲಿಲ್ಲ, ನಾನೂ ಕೇಳುವುದು ಬಿಟ್ಟೆ. ಒಮ್ಮೊಮ್ಮೆ ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಳ್ಳುವುದರಲ್ಲೂ ಒಂದು ಬಗೆಯ ಜಂಬ ಇದೆ ಅನ್ನಿಸುತ್ತಿತ್ತು. ಈಗಲೂ ಪೂರ್ತಿ ಇಲ್ಲ ಅನ್ನಲಾರೆ. ಆದರೆ ಅವರನ್ನು ಕಂಡರೆ ನನಗೆ ಪ್ರೀತಿ, ಅದು ಯಾವತ್ತೂ ಕಮ್ಮಿಯಾಗಲಿಲ್ಲ.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಪ್ರೆಸ್ಸಿನ ಮುಂದೆ ಆಟೋ ನಿಂತಿತು. ಇಳಿದವರು ಹಾಜಿ ಸಾಹೇಬರು. ಮೈ ಹಣ್ಣಾಗಿತ್ತು, ಕೋಲಿಲ್ಲದೆ ನಿಲ್ಲಲು ಆಗುತ್ತಿರಲಿಲ್ಲ. ನೀರು ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಅವರು ನಿಮಗೇನಾದ್ರೂ ಹೇಳಿದ್ರಾ? ಅವತ್ತಿಂದು?"

"ಇಲ್ಲ ಸಾಹೇಬ್ರೆ. ಯಾರಿಗೂ ಹೇಳಲಿಲ್ಲ."

"ನಾನೇ ಬಗ್ಗಿದ್ದು." ಬಲಗೈಯನ್ನು ಮುಂದೆ ಚಾಚಿ ಅದನ್ನೇ ನೋಡುತ್ತ ಹೇಳಿದರು. "ಕೈ ಇಟ್ಟ ತಕ್ಷಣ ನಾನೇ ಮೊದಲು ಬಗ್ದೆ. ನಮ್ಮ ಹುಡುಗರ ಒಲೆ ಆರಿಹೋಗಿತ್ತು, ಕೂಲಿಯವರು ಉಪವಾಸ ಇದ್ರು. ಆಣೆ ಮಾಡಿದ್ದೆ, ಬಾಯಲ್ಲಿ ಹೇಳೋ ಹಾಗಿರ್ಲಿಲ್ಲ. ನನ್ನ ಕೈ ನಡುಗ್ತಾ ಇತ್ತು. ಅದು ಅವರಿಗೆ ಗೊತ್ತಾಯ್ತು. ಇನ್ನೂ ಹಿಂಡಬಹುದಿತ್ತು, ಪೂರಾ ರೇಟು ಕಿತ್ಕೋಬಹುದಿತ್ತು. ಅವರು ತಾವೇ ಒಂದು ಬೆರಳು ಮಡಚಿ ಕೆಳಗೆ ಬಂದ್ರು. ಆಮೇಲೆ ನನ್ನ ಕೈನ ಸುಮ್ನೆ ಹಿಡ್ಕೊಂಡ್ರು, ನಡುಕ ನಿಲ್ಲೋ ತನಕ. ಆಮೇಲೇ ಟವಲು ತೆಗೆದಿದ್ದು."

ನಾನು ಕೇಳಬಾರದಿತ್ತೇನೋ, ಕೇಳಿದೆ. "ಅವರನ್ನ ಮಾರಿಕೊಂಡೋರು ಅಂತ ಊರೆಲ್ಲ ಅಂದಾಗ ನೀವು ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ನಮ್ಮೋರು ನನ್ನ ಬಿಡ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ. ಓಟಿನ ದಿನ ಬಂದುಬಿಡ್ತು." ಗಡ್ಡದ ಮೇಲೆ ಕಣ್ಣೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. "ಅವರ ಮನೆಯೋರಿಗೆ ಹೇಳಿ. ನನಗೆ ಆ ಮನೆಗೆ ಹೋಗೋ ಮುಖ ಇಲ್ಲ."

ಮಾರನೆಯ ದಿನ ಬೆಳಗಿನ ಬಸ್ಸಿಗೇ ಹೋದೆ. ದಾರಿಯುದ್ದಕ್ಕೂ ನನಗೆ ಒಳಗೊಳಗೇ ಸಂತೋಷ. ಅಕ್ಕನಿಗೆ ಎಂಥ ಸಮಾಧಾನ ತೆಗೆದುಕೊಂಡು ಹೋಗುತ್ತಿದ್ದೇನೆ ಅಂತ. ಹುಳು ದೊಡ್ಡವಾಗಿದ್ದವು, ಹೊರಗಿನವರು ಒಳಗೆ ಹೋಗುವಂತಿರಲಿಲ್ಲ. ಜಗಲಿಯ ಮೇಲೆ ಕೂತೆ. ಅಕ್ಕ ಸೊಪ್ಪಿನ ಕೈ ಒರೆಸಿಕೊಳ್ಳುತ್ತ ಬಂದರು. "ದುಃಖ ನಮಗೆ ಪ್ರೆಸ್ಸಣ್ಣ, ಹುಳಕ್ಕಲ್ಲ. ಅವು ಮೇವು ಕೇಳ್ತವೆ" ಅಂತ ನಾನು ಕೇಳದಿದ್ದರೂ ಹೇಳಿದರು.

ಎಲ್ಲ ಹೇಳಿದೆ. ನಡುಗಿದ ಕೈ, ಮಡಚಿದ ಬೆರಳು, ಒಂದನ್ನೂ ಬಿಡಲಿಲ್ಲ. ಅಕ್ಕ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಒಳಗೆ ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಬರುತ್ತಿತ್ತು.

"ನಮ್ಮಣ್ಣ ಅವತ್ತಿಂದ ಈ ಬಾಗಿಲು ತುಳಿಲಿಲ್ಲ" ಅಂದರು ಕೊನೆಗೆ. "ತೌರಿಂದ ಒಂದು ಹಬ್ಬಕ್ಕೆ ಕರೀಲಿಲ್ಲ. ಅವ್ನು ಸತ್ತಾಗ ಹೋಗಿದ್ದೆ, ಬಾಗಿಲಲ್ಲೇ ನಿಲ್ಸಿದ್ರು. ವಾಪಸ್ ಬಂದು ಇವ್ರನ್ನ ಕೇಳ್ದೆ. ಒಂದೇ ಸಲ ಕೇಳಿದ್ದು. ದುಡ್ಡು ತಕೊಂಡ್ರಾ ಅಂತ."

"ಏನಂದ್ರು ಅಕ್ಕ?"

"ಏನೂ ಅನ್ನಲಿಲ್ಲ. ನಾನು ತಕೊಂಡವ್ರೆ ಅಂತ್ಲೇ ಅಂದ್ಕೊಂಡೆ. ಹಂಗಂದ್ಕೊಂಡೇ ಅನ್ನ ಇಕ್ಕಿದೀನಿ ಇಷ್ಟು ವರ್ಷ."

ಅವರು ದೊಡ್ಡ ಮನುಷ್ಯ ಅಕ್ಕ, ಕೊಟ್ಟ ಮಾತು ಉಳಿಸಿಕೊಂಡರು, ಅಂತ ಏನೋ ತೊದಲಿದೆ. ಅಕ್ಕ ನನ್ನ ಕಡೆ ನೋಡಿದರು. ಸಿಟ್ಟಿರಲಿಲ್ಲ.

"ಊರಿಗೆ ಹೇಳ್ಲಿಲ್ಲ, ಸರಿ. ನಮ್ಮಣ್ಣಂಗೂ ಹೇಳ್ಲಿಲ್ಲ, ಅದೂ ಸರಿ" ಅಂದರು. "ನಂಗೊಬ್ಬಳಿಗೆ ಹೇಳ್ಬೋದಾಗಿತ್ತು. ನಾನೇನು ಪರದೇಶದೋಳಾ ಪ್ರೆಸ್ಸಣ್ಣ?"